ಉಪ್ಪಿನಕಾಯಿ ಅಕ್ಕನ ಡ್ರಮ್ಮುಗಳು

ಆ ಮನೆಯಲ್ಲಿ ಯಾವುದನ್ನೂ ಎಸೆಯುವ ಪದ್ಧತಿ ಇರಲಿಲ್ಲ. ತರಕಾರಿ ಸಿಪ್ಪೆ ಮೇಕೆಗೆ, ಒಣಗಿದ ಬ್ರೆಡ್ಡಿನ ಅಂಚು ಮೇಕೆಗೆ. ಹರಿದ ಕಂಬಳಿ ಕೊಟ್ಟಿಗೆಯ ಬಾಗಿಲಿಗೆ ಪರದೆಯಾಗುತ್ತಿತ್ತು, ಪರದೆಯೂ ಹರಿದರೆ ನೆಲ ಒರೆಸುವ ಬಟ್ಟೆ. ಮುರಿದ ಕೊಡೆಯ ಕಡ್ಡಿಗಳು ಕೂಡ ಒಂದು ಡಬ್ಬಿಯಲ್ಲಿ, ಯಾವತ್ತಾದರೂ ಕೆಲಸಕ್ಕೆ ಬಂದಾವು ಎಂದು ವರ್ಷಗಟ್ಟಲೆ ಕಾದು ಕುಳಿತಿದ್ದವು. ಈ ಕಾನೂನು ಮಾಡಿದವಳು ತಾಯಿ. ಅವಳು ಗದರುತ್ತಿರಲಿಲ್ಲ. ಯಾರದಾದರೂ ಕೈ ಎಸೆಯಲು ಎದ್ದಿತೆಂದರೆ ಸುಮ್ಮನೆ ನೋಡುತ್ತಿದ್ದಳು, ಅಷ್ಟೆ. ಆ ನೋಟಕ್ಕೆ ಹೆದರಿ ಮಗ ಚಿಕ್ಕವನಿದ್ದಾಗ ಹುಳ ಹಿಡಿದ ಸೇಬನ್ನು ಹುಳವೊಂದನ್ನು ಬಿಟ್ಟು ಪೂರ್ತಿ ತಿಂದಿದ್ದ. ಹುಳವನ್ನು ಕೋಳಿಗೆ ಹಾಕಿದನಂತೆ.

ಅಂಥ ಮನೆಯ ಹಿರಿಯ ಮಗಳು ಈ ಬೇಸಿಗೆಯಲ್ಲಿ ಬುಟ್ಟಿಗಟ್ಟಲೆ ಮೇವನ್ನು ತಾಯಿಯ ಕಣ್ಣೆದುರಿಗೇ ಗೊಬ್ಬರದ ಗುಂಡಿಗೆ ಸುರಿಯುತ್ತಿದ್ದಳು. ಸುರಿದು ಸುಮ್ಮನಾಗುತ್ತಲೂ ಇರಲಿಲ್ಲ. ಕೊಟ್ಟಿಗೆ ತೊಳೆದ ಕೊಳಕು ನೀರನ್ನು ಅದರ ಮೇಲೆ ಹೊಯ್ಯುತ್ತಿದ್ದಳು, ಯಾರೂ ಮತ್ತೆ ಆರಿಸಿಕೊಂಡು ಬರಬಾರದು ಎನ್ನುವ ಹಾಗೆ. ಯಾಕೆ ಎಂದು ತಾಯಿ ಮೊದಲ ಸಲ ಕೇಳಿದಾಗ ಅವಳು ಕೊಟ್ಟ ಉತ್ತರ ಒಂದೇ.

"ನನ್ನಿಷ್ಟ."

ಆಮೇಲೆ ತಾಯಿ ಕೇಳಲಿಲ್ಲ. ಕೊಟ್ಟಿಗೆಯ ಬಾಗಿಲ ಪಕ್ಕದ ಬೆಂಚಿನ ಮೇಲೆ ಕುಳಿತು ನೋಡುತ್ತಿದ್ದಳು. ಆ ನೋಟಕ್ಕೆ ಬೆನ್ನು ಕೊಟ್ಟು ಬುಟ್ಟಿ ಹೊರುವುದು ಎಷ್ಟು ಕಷ್ಟವೆಂದು ಹೊತ್ತವಳಿಗೇ ಗೊತ್ತು.

ಬೀದಿಯವರು ಈ ಮಗಳನ್ನು ಉಪ್ಪಿನಕಾಯಿ ಅಕ್ಕ ಎನ್ನುತ್ತಿದ್ದರು. ಅವಳೇನೂ ಉಪ್ಪಿನಕಾಯಿ ಮಾರುವವಳಲ್ಲ. ಹಸಿ ಮೆಕ್ಕೆಜೋಳದ ದಂಟನ್ನು ಎಲೆ, ತೆನೆ ಸಮೇತ ಸಣ್ಣಗೆ ಕತ್ತರಿಸಿ, ನೀಲಿ ಡ್ರಮ್ಮುಗಳಲ್ಲಿ ತುಳಿದು ತುಳಿದು ತುಂಬಿ, ಗಾಳಿ ಹೊಗದಂತೆ ಮುಚ್ಚಿ ಇಡುತ್ತಿದ್ದಳು. ಒಂದೂವರೆ ತಿಂಗಳಲ್ಲಿ ಅದು ಒಳಗೇ ಹುಳಿಯೇರಿ ಮೇಕೆಗಳಿಗೆ ರುಚಿಯಾದ ರಸಮೇವಾಗುತ್ತದೆ. ಸೈಲೇಜ್ ಎಂದರೂ ಅದೇ. "ನಾವು ಮಾವಿನಕಾಯಿ ಕೆಡದ ಹಾಗೆ ಇಡಲ್ವಾ, ಹಾಗೇ ಇದು ಮೇಕೆಗೆ" ಎಂದು ಅವಳು ಮೊದಲ ವರ್ಷ ಯಾರಿಗೋ ತಿಳಿಸಿ ಹೇಳಿದ್ದೇ ತಪ್ಪಾಯಿತು. ಹೆಸರು ಅಂಟಿಕೊಂಡಿತು. ಅವಳಿಗೆ ಅದರ ಬೇಜಾರೇನೂ ಇರಲಿಲ್ಲ. ಬೀದಿಯ ಮಾತಿಗೆಲ್ಲ ಸೊಪ್ಪು ಹಾಕುತ್ತಾ ಕುಳಿತರೆ ಮೇಕೆಗಳಿಗೆ ಸೊಪ್ಪು ಹಾಕುವವರು ಯಾರು ಎನ್ನುತ್ತಿದ್ದಳು.

ಮಾಡಿದ್ದೇಕೆಂದರೆ ಹಾಲಿಗಾಗಿ. ಬಿಸಿಲು ಏರಿ ಹಸಿರು ಸುಟ್ಟುಹೋದ ಮೇಲೆ ಬರೀ ಒಣಹುಲ್ಲು ತಿಂದ ಮೇಕೆಗಳ ಕೆಚ್ಚಲು ಬತ್ತುತ್ತಿತ್ತು. ಅವಳ ಹಾಲು ಕೊಳ್ಳುತ್ತಿದ್ದ ಚೀಸ್ ಮಾಡುವವಳು ಕ್ಯಾನಿನೊಳಗೆ ಇಣುಕಿ, ಇವತ್ತೂ ಇಷ್ಟೇನಾ ಎಂಬಂತೆ ಮುಖ ಮಾಡುತ್ತಿದ್ದಳು. ಬೇಸಿಗೆಯೆಂದರೆ ಹೀಗೇ ಎಂದು ಬೀದಿಯ ಮೇಕೆಯವರೆಲ್ಲ ಒಪ್ಪಿಕೊಂಡಿದ್ದರು. ಅಕ್ಕ ಒಪ್ಪಲಿಲ್ಲ. ಒಪ್ಪುವುದು ಅವಳ ಜಾತಕದಲ್ಲೇ ಬರೆದಿರಲಿಲ್ಲ.

ಆದರೆ ಮೊದಲ ವರ್ಷವೇ ಒಂದು ಮೇಕೆ ಸತ್ತಿತ್ತು. ಅದೂ ಎಂಥದು, ಕೊಟ್ಟಿಗೆಗೇ ಹೆಚ್ಚು ಹಾಲು ಕೊಡುವ ಬಿಳಿಕಿವಿ. ಕತ್ತನ್ನು ಒಂದು ಕಡೆ ವಾಲಿಸಿಕೊಂಡು, ಜೊಲ್ಲು ಸುರಿಸುತ್ತಾ, ಅಂಗಳದಲ್ಲಿ ಗಾಣಕ್ಕೆ ಕಟ್ಟಿದ ಹಾಗೆ ಸುತ್ತಿ ಸುತ್ತಿ ಬಿದ್ದಿತು. ಬೀದಿಯವರೆಲ್ಲ ಗೋಡೆಯ ಮೇಲಿಂದ ನೋಡಿದರು. ಬೂಸ್ಟು ಹಿಡಿದ ಮೇವಿನಿಂದ ಬರುವ ರೋಗ, ಮಿದುಳಿಗೇ ಏರುತ್ತದೆ, ಹಸುವಿಗಿಂತ ಮೇಕೆಗೆ ಬೇಗ ತಗಲುತ್ತದೆ ಎಂದು ಪಶುವೈದ್ಯ ಹೇಳಿ ಹೋದ. ಡ್ರಮ್ಮಿನ ಬಾಯಿಯ ಹತ್ತಿರ ಎಷ್ಟೇ ಜೋಪಾನ ಮಾಡಿದರೂ ಒಂದಿಷ್ಟು ಗಾಳಿ ಆಡುತ್ತದೆ, ಅಲ್ಲಿ ಬೂಸ್ಟು ಕೂರುತ್ತದೆ. ಆ ಮೇಲ್ಪದರವನ್ನು ತೆಗೆದು ಎಸೆಯಬೇಕು.

ಅಕ್ಕ ತೆಗೆದಿದ್ದಳು. ಅದು ಯಾರಿಗೂ ಗೊತ್ತಿಲ್ಲದ ಸಂಗತಿ. ಮೊದಲ ಡ್ರಮ್ ಬಿಚ್ಚಿದ ಬೆಳಿಗ್ಗೆ ಬೂಸ್ಟು ಹಿಡಿದದ್ದನ್ನೆಲ್ಲ ಬುಟ್ಟಿಗೆ ತುಂಬಿ, ಬಂದು ಎಸೆದರಾಯಿತು ಎಂದು ಬಾಗಿಲ ಬಳಿ ಇಟ್ಟು ಹಾಲು ಕೊಡಲು ಹೋಗಿದ್ದಳು. ಬಂದು ನೋಡಿದರೆ ಬುಟ್ಟಿ ಖಾಲಿ. ಖಾಲಿಯಾಗಿದ್ದದ್ದಷ್ಟೇ ಅಲ್ಲ, ಕೊಡವಿ, ಗೋಡೆಯ ಮೊಳೆಗೆ ಬೋರಲಾಗಿ ನೇತುಹಾಕಿತ್ತು. ಬುಟ್ಟಿಯನ್ನು ಹಾಗೆ ಬೋರಲಾಗಿ ನೇತುಹಾಕುವವಳು ಆ ಮನೆಯಲ್ಲಿ ಒಬ್ಬಳೇ, ತಾಯಿ. ಇಷ್ಟು ಮೇವು ಸುಮ್ಮನೆ ಹಾಳಾಗುತ್ತದಲ್ಲ ಎಂದು, ಸಿಕ್ಕಿದ್ದನ್ನು ಮೊದಲು ಯಾವಾಗಲೂ ಯಾರಿಗೆ ಕೊಡುತ್ತಿದ್ದಳೋ ಆ ಬಿಳಿಕಿವಿಗೇ ಕೊಟ್ಟಿದ್ದಳು. ಮುದ್ದಿನ ಮೇಕೆ. ಕೈಯಾರೆ ತಿನ್ನಿಸಿದ್ದಳು.

ಬಿಳಿಕಿವಿ ಬಿದ್ದ ದಿನ ತಾಯಿ ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದನ್ನು ಅಕ್ಕ ನೋಡಿದ್ದಳು. ಆ ಮುದುಕಿಗೆ ಹೋಗಿ "ಕೊಂದದ್ದು ನೀನು" ಎಂದು ಹೇಳುವ ನಾಲಿಗೆ ಅವಳಿಗಿರಲಿಲ್ಲ. ಬಿಸಿತುಪ್ಪ ನುಂಗುವ ಹಾಗೂ ಇಲ್ಲ, ಉಗುಳುವ ಹಾಗೂ ಇಲ್ಲ. ಕೇಳಿದವರಿಗೆಲ್ಲ, ಡ್ರಮ್ ಸರಿಯಾಗಿ ಮುಚ್ಚಿರಲಿಲ್ಲ, ನನ್ನದೇ ತಪ್ಪು ಎಂದಳು. ಮಾತು ಅಲ್ಲಿಗೆ ಮುಗಿಯಬೇಕಿತ್ತು.

ಮುಗಿಯದಂತೆ ನೋಡಿಕೊಂಡವನು ತಮ್ಮ. ಅವನು ಒಣಹುಲ್ಲಿನ ವ್ಯಾಪಾರಿ. ಬೀದಿಯ ಅಷ್ಟೂ ಮೇಕೆಗಳು ಅವನ ಹುಲ್ಲನ್ನೇ ತಿನ್ನುತ್ತಿದ್ದವು. ಸ್ವಂತ ಅಕ್ಕನೇ ಬೇರೆ ಮೇವು ಹಾಕಿದರೆ ಊರು ನಗುವುದಿಲ್ಲವೇ? ಅದೂ ಅಲ್ಲದೆ ಅವನ ಗೋದಾಮಿಗೂ ಅಕ್ಕನ ಕೊಟ್ಟಿಗೆಗೂ ನಡುವೆ ಒಂದೇ ಗೋಡೆ. ಗೋಡೆ ಒಡೆದರೆ ಗೋದಾಮು ಎರಡಾಗುತ್ತದೆ ಎಂದು ಅವನು ಎಂದಿನಿಂದಲೋ ಲೆಕ್ಕ ಹಾಕಿದ್ದ. ಕೆಟ್ಟವನಲ್ಲ. ಅಕ್ಕನ ಕೈಯಲ್ಲಿ ಮೇಕೆಗಳು ಉಳಿಯುವುದಿಲ್ಲವೆಂದು ಪ್ರಾಮಾಣಿಕವಾಗಿ ನಂಬಿದ್ದ. ನಂಬಿಕೆಯೂ ಲಾಭವೂ ಒಂದೇ ದಾರಿಯಲ್ಲಿ ಬಂದರೆ ಯಾರು ಬೇಡವೆನ್ನುತ್ತಾರೆ.

ಕೊಟ್ಟಿಗೆ ತಾಯಿಯ ಹೆಸರಿನಲ್ಲಿತ್ತು. ಬೀಗದ ಕೈ ಅವಳ ಸೊಂಟದಲ್ಲಿತ್ತು. ತಮ್ಮ ದಿನಾ ಊಟದ ಹೊತ್ತಿಗೆ ಇದೇ ರಾಗ ಹಾಡಿ ಹಾಡಿ ಕಡೆಗೆ ತಾಯಿಯ ಬಾಯಿಂದ ಒಂದು ಮಾತು ಹೊರಡಿಸಿದ್ದ. ಈ ಬೇಸಿಗೆಯಲ್ಲಿ ಇನ್ನೊಂದು ಮೇಕೆ ಆ ಡ್ರಮ್ಮಿನ ಮೇವಿನಿಂದ ಬಿದ್ದರೆ ಕೊಟ್ಟಿಗೆ ಅವನದು, ಮೇಕೆಗಳನ್ನು ಮಾರುವುದು. ಬೀಳದಿದ್ದರೆ ಅವನು ಆ ಮಾತು ಮತ್ತೆ ಎತ್ತಬಾರದು. ಅಕ್ಕ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟು, ಆಗಲಿ ಎಂದಳು. ಮೇಕೆಗಳಿಲ್ಲದಿದ್ದರೆ ಆ ಮನೆಯಲ್ಲಿ ತಾನು ಯಾರು ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ತಮ್ಮನ ಮನೆಯ ಮೂಲೆಯಲ್ಲಿ ಪಾತ್ರೆ ತೊಳೆಯುವ ಒಬ್ಬ ಹೆಚ್ಚಿನ ಹೆಂಗಸು.

ಬೇರೆ ಯಾರಾದರೂ ಆಗಿದ್ದರೆ ಡ್ರಮ್ಮುಗಳ ಸಹವಾಸವೇ ಸಾಕೆಂದು ಒಣಹುಲ್ಲಿಗೆ ಮರಳುತ್ತಿದ್ದರು. ಇವಳು ಹೋದ ವರ್ಷಕ್ಕಿಂತ ಹೆಚ್ಚು ಡ್ರಮ್ ತಂದಳು. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನೋಳು ನೀನು ಎಂದ ತಮ್ಮ. ಹಾಗಾದರೆ ನಾಲ್ಕನೆಯ ಕಾಲು ತಂದು ತೋರಿಸು ಎಂದಳು.

ಮೇವು ತುಳಿಯಲು ಬೀದಿಯಿಂದ ಒಬ್ಬರೂ ಬರಲಿಲ್ಲ. ಗಾಳಿ ಉಳಿಯದಂತೆ ತುಳಿಯುವುದೇ ಈ ಕೆಲಸದ ಜೀವ, ಅಕ್ಕನೋ ಕಡ್ಡಿಯಂಥವಳು. ಡ್ರಮ್ಮಿನೊಳಗೆ ಇಳಿದು ಕುಣಿದರೂ ಮೇವು ಬಗ್ಗುತ್ತಿರಲಿಲ್ಲ. ಆಗ ಬಂದವಳು, ಯಾರೂ ಎಣಿಸದವಳು, ತಮ್ಮನ ಹೆಂಡತಿ. ಸೊಂಪಾದ ಹೆಂಗಸು. ಗಂಡ ಅವಳ ಗಾತ್ರದ ಮೇಲೆ ನಾಲ್ಕು ಜನರೆದುರು ತಮಾಷೆ ಮಾಡುವುದನ್ನು ಮದುವೆಯಾದಂದಿನಿಂದ ನಗುತ್ತಾ ಕೇಳಿಸಿಕೊಂಡು ಬಂದವಳು. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಾಲು ತೊಳೆದು, ಡ್ರಮ್ಮಿನ ಅಂಚು ಹಿಡಿದಳು.

"ನಿಮ್ಮ ತಮ್ಮನಿಗೆ ಇಷ್ಟು ದಿನ ನನ್ನ ತೂಕ ನಗೋದಕ್ಕೆ ಆಯ್ತು ಅತ್ತಿಗೆ. ಇವತ್ತು ಕೆಲಸಕ್ಕೆ ಬರಲಿ ಬಿಡಿ."

ಆ ತೂಕದ ಕೆಳಗೆ ಮೇವು ಕಲ್ಲಿನ ಹಾಗೆ ಕೂತಿತು. ಮುಚ್ಚಳದ ಮೇಲೆ ಪ್ಲಾಸ್ಟಿಕ್ ಕಟ್ಟಿ, ಅದರ ಮೇಲೆ ಮರಳಿನ ಚೀಲ ಹೇರಿ, ಇಬ್ಬರೂ ಬೆವರು ಒರೆಸಿಕೊಂಡು ನಕ್ಕರು. ಗೋದಾಮಿನ ಕಿಟಕಿಯಲ್ಲಿ ತಮ್ಮನ ಮುಖ ಒಮ್ಮೆ ಕಾಣಿಸಿ ಮಾಯವಾಯಿತು. ಅಂದು ಸಂಜೆ ಅವನು ಊಟ ಸೇರುವುದಿಲ್ಲವೆಂದ. ಹೆಂಡತಿ ಒಳ್ಳೆಯದೇ ಆಯಿತು, ಉಳಿದದ್ದು ಮೇಕೆಗಾಯಿತು ಎಂದಳು.

ಬೇಸಿಗೆ ಬಂತು. ಮೊದಲ ಡ್ರಮ್ಮಿನ ಬಾಯಿ ಬಿಚ್ಚಿ ಮೇಲ್ಪದರ ತೆಗೆದಾಗ ಕೆಳಗೆ ಹಳದಿ ಹಸಿರಿನ ಮೇವು, ಹದವಾದ ಹುಳಿವಾಸನೆ. ಮುಷ್ಟಿಯಲ್ಲಿ ಹಿಂಡಿದರೆ ಒದ್ದೆಯಾಗುತ್ತಿತ್ತು, ಹನಿ ಬೀಳುತ್ತಿರಲಿಲ್ಲ. ಅಕ್ಕನಿಗೆ ಅಳು ಬರುವಷ್ಟು ಸಂತೋಷವಾಯಿತು. ಆದರೆ ಮೇಕೆಗಳಿಗೆ ಆಗಬೇಕಲ್ಲ! ಆಡು ಮುಟ್ಟದ ಸೊಪ್ಪಿಲ್ಲ ಎಂದು ಗಾದೆ ಮಾಡಿದವನು ಖಂಡಿತ ಆಡು ಸಾಕಿದವನಲ್ಲ. ಯಜಮಾನಿ ಎಂದು ಅವಳು ಕರೆಯುತ್ತಿದ್ದ ಕಪ್ಪು ಮೇಕೆ ಗೋದಲಿಗೆ ಮೂತಿ ತಂದು, ಮೂಸಿ, ಒಂದು ಸೀನು ಸೀನಿ, ನನಗೇ ಇದನ್ನು ಬಡಿಸಿದೆಯಾ ಎಂಬಂತೆ ನೋಡಿ ಹಿಂದಿರುಗಿತು. ಉಳಿದವು ಯಜಮಾನಿಯ ಹಿಂದೆ ಹೋದವು. ಅಕ್ಕ ಬೇಡಿಕೊಳ್ಳಲಿಲ್ಲ. ಒಣಹುಲ್ಲಿಗೆ ಒಂದೊಂದು ಹಿಡಿ ಬೆರೆಸಿದಳು, ಮಾರನೆಯ ದಿನ ಸ್ವಲ್ಪ ಹೆಚ್ಚು, ಇನ್ನೊಂದು ದಿನ ಇನ್ನೂ ಸ್ವಲ್ಪ. ಗೋದಲಿಯಲ್ಲಿ ಉಳಿದದ್ದನ್ನು ಸಂಜೆಯೊಳಗೆ ಗುಡಿಸಿ ತೆಗೆಯುತ್ತಿದ್ದಳು. ವಾರ ಕಳೆಯುವುದರೊಳಗೆ ಯಜಮಾನಿ ಹುಲ್ಲನ್ನು ಪಕ್ಕಕ್ಕೆ ತಳ್ಳಿ ಕೆಳಗಿನ ಹುಳಿ ಮೇವನ್ನೇ ಹುಡುಕತೊಡಗಿತು. ಮುಂದಿನ ವಾರ ಡ್ರಮ್ಮಿನ ಮುಚ್ಚಳ ಸದ್ದಾದರೆ ಸಾಕು, ಕೊಟ್ಟಿಗೆಗೆ ಕೊಟ್ಟಿಗೆಯೇ ಅರಚುತ್ತಿತ್ತು.

ಹಾಲು ಇಳಿಯಲಿಲ್ಲ. ನಡುವೆ ಒಮ್ಮೆ ಚೀಸ್ ಮಾಡುವವಳು ಹಾಲಿಗೆ ಏನೋ ವಾಸನೆ ಎಂದು ಕ್ಯಾನು ವಾಪಸು ಕಳಿಸಿದಳು. ಅಕ್ಕ ಹಾಲು ಕರೆಯುವ ಮೊದಲು ಮೇವು ಹಾಕುತ್ತಿದ್ದವಳು ಕರೆದ ಮೇಲೆ ಹಾಕಿದಳು, ವಾಸನೆ ಹೋಯಿತು. ಬೀದಿಯ ಉಳಿದ ಕ್ಯಾನುಗಳು ತಳ ಕಾಣುತ್ತಿದ್ದ ಹೊತ್ತಿನಲ್ಲಿ ಅವಳ ಕ್ಯಾನು ಕತ್ತಿನವರೆಗೆ ತುಂಬಿ, ಹೊರುವಾಗ ತುಳುಕುತ್ತಿತ್ತು. ಅವಳು ಬೇಕೆಂದೇ ತಮ್ಮನ ಗೋದಾಮಿನ ಮುಂದಿನಿಂದ ಹೋಗುತ್ತಿದ್ದಳು. ಆ ಕಡೆ ದಾರಿ ದೂರ.

ತಾಯಿ ಮಾತ್ರ ಮಾತಾಡುತ್ತಿರಲಿಲ್ಲ. ಪ್ರತಿ ಹೊಸ ಡ್ರಮ್ಮಿಗೂ ಒಂದು ಬುಟ್ಟಿ ಗುಂಡಿಗೆ ಹೋಗುತ್ತಿತ್ತು, ತಾಯಿ ನೋಡುತ್ತಿದ್ದಳು. ಸೊಕ್ಕು ಬಂದಿದೆ ಇವಳಿಗೆ, ಅನ್ನ ಕೊಡುವ ಮೇವನ್ನು ಕಾಲ ಕಸ ಮಾಡುತ್ತಿದ್ದಾಳೆ ಎಂದು ಅಮ್ಮ ಎಣಿಸುತ್ತಿರಬೇಕು ಎಂದು ಅಕ್ಕ ಅಂದುಕೊಂಡಳು. ಎಣಿಸಲಿ. ಬೂಸ್ಟಿನ ಕಾರಣ ಹೇಳಿದರೆ ಬಿಳಿಕಿವಿಯ ಮಾತು ಬರುತ್ತದೆ, ಬಿಳಿಕಿವಿಯ ಮಾತು ಬಂದರೆ ಬುಟ್ಟಿಯ ಮಾತು ಬರುತ್ತದೆ. ಅದಕ್ಕಿಂತ ಸೊಕ್ಕಿನ ಮಗಳಾಗಿರುವುದೇ ವಾಸಿ.

ಕೊನೆಯ ಡ್ರಮ್ ಬಿಚ್ಚಿದ ಬೆಳಿಗ್ಗೆ ಅನಾಹುತವಾಯಿತು. ಮೇಲ್ಪದರವನ್ನು ಬುಟ್ಟಿಗೆ ತುಂಬಿ ಬಾಗಿಲ ಬಳಿ ತಂದಿದ್ದಳಷ್ಟೆ, ಯಜಮಾನಿ ಕತ್ತನ್ನು ಎಡಕ್ಕೆ ವಾಲಿಸಿಕೊಂಡು ಅಂಗಳಕ್ಕೆ ಬಂತು. ತಲೆ ಒದರಿತು. ಅರ್ಧ ಸುತ್ತು ತಿರುಗಿತು. ಮತ್ತೆ ಅರ್ಧ ಸುತ್ತು.

ಬುಟ್ಟಿ ಅವಳ ಕೈಯಿಂದ ಜಾರಿ ಅಲ್ಲೇ ಕೂತಿತು. ಕಳೆದ ವರ್ಷದ್ದೆಲ್ಲ ಕಣ್ಣ ಮುಂದೆ ಬಂತು.

ತಮ್ಮ ಗೋದಾಮಿನ ಬಾಗಿಲಿನಿಂದ ನೋಡಿದ. ಹುಲ್ಲು ಕೊಳ್ಳಲು ಬಂದಿದ್ದ ಬೀದಿಯ ಇಬ್ಬರು ಮೇಕೆಯವರನ್ನೂ ಕರೆದುಕೊಂಡೇ ಅಂಗಳಕ್ಕೆ ಬಂದ. ಬಂದವನ ದನಿಯಲ್ಲಿ ಸಂತೋಷವೇನೂ ಇರಲಿಲ್ಲ, ಅದನ್ನು ಒಪ್ಪಿಕೊಳ್ಳಬೇಕು. ನೋಡಿದೆಯಾ ಅಮ್ಮ, ಅದೇ ಸುತ್ತು, ಅದೇ ರೋಗ, ಇನ್ನೆಷ್ಟು ಸಾಯಬೇಕು ಎಂದ. ಬೀಗದ ಕೈಗಾಗಿ ಕೈ ಚಾಚಿದ. ತಾಯಿ ಬೆಂಚಿನ ಮೇಲೆ ಕುಳಿತವಳು ಕುಳಿತೇ ಇದ್ದಳು, ಕೈ ಮಾತ್ರ ಸೊಂಟಕ್ಕೆ ಹೋಗಿತ್ತು.

ಅಕ್ಕ ಯಾರನ್ನೂ ನೋಡಲಿಲ್ಲ. ಹೋಗಿ ಯಜಮಾನಿಯ ಕತ್ತು ಹಿಡಿದಳು. ಬಾಯಿ ಬಿಡಿಸಿದಳು, ಜೊಲ್ಲು ಇಲ್ಲ. ಅಂಗೈಯಲ್ಲಿ ಮೇವು ಹಿಡಿದಳು, ಮೇಕೆ ಕಸಿದುಕೊಂಡು ತಿಂದಿತು. ಬಿಳಿಕಿವಿ ಕಡೆಯ ದಿನಗಳಲ್ಲಿ ನೀರು ಕೂಡ ನುಂಗಿರಲಿಲ್ಲ. ಕಿವಿ ಮುಟ್ಟಿದಾಗ ಯಜಮಾನಿ ಹಾರಿಬಿದ್ದು ಅವಳ ಮೊಣಕಾಲಿಗೆ ಗುದ್ದಿತು. ಅಕ್ಕ ತಮ್ಮನ ಹೆಂಡತಿಯನ್ನು ಕೂಗಿದಳು. ಆ ತೂಕ ಎರಡನೆಯ ಸಲ ಕೆಲಸಕ್ಕೆ ಬಂತು. ನಾದಿನಿ ಮೇಕೆಯನ್ನು ತೊಡೆಗಳ ನಡುವೆ ಒತ್ತಿ ಹಿಡಿದಳು, ಅಕ್ಕ ಕಿವಿಯನ್ನು ಬೆಳಕಿಗೆ ತಿರುಗಿಸಿ ಎರಡು ಬೆರಳು ಇಳಿಸಿ ನಿಧಾನವಾಗಿ ಎಳೆದಳು. ಹೊರಗೆ ಬಂದದ್ದು ಉದ್ದನೆಯ ಕೂದಲಿನಂಥ ಬಾಲವಿರುವ, ಚೂಪು ಮೂತಿಯ ಒಂದು ಹುಲ್ಲಿನ ಮುಳ್ಳು. ಒಣಹುಲ್ಲಿನ ತೆನೆಯಲ್ಲಿರುವಂಥದು. ಯಜಮಾನಿ ತಲೆಯನ್ನು ಎರಡು ಸಲ ಒದರಿ, ನೆಟ್ಟಗೆ ನಿಂತು, ಏನೂ ಆಗದವರ ಹಾಗೆ ಮೆಲುಕು ಹಾಕಿತು.

ಅಕ್ಕ ಆ ಮುಳ್ಳನ್ನು ತಮ್ಮನ ಚಾಚಿದ ಅಂಗೈಯಲ್ಲೇ ಇಟ್ಟಳು.

"ನಿನ್ನ ಗೋದಾಮಿಂದು. ತಗೋ."

ಮೇಕೆಯವರಲ್ಲಿ ಒಬ್ಬ ಕೆಮ್ಮಿದ. ಇನ್ನೊಬ್ಬ ನಗು ಬಾಯಲ್ಲೇ ಹಿಡಿದು ಆಕಾಶ ನೋಡಿದ. ತಮ್ಮನ ಹೆಂಡತಿ ಹಿಡಿಯಲಿಲ್ಲ, ನಕ್ಕೇ ಬಿಟ್ಟಳು. ನಾಲ್ಕು ಜನರೆದುರು ಹೀಗಾದರೆ ಗಂಡಸು ಸುಮ್ಮನಿರುತ್ತಾನೆಯೇ? ಅವನ ಮುಖ ಕೆಂಪಾಯಿತು. ಈ ಸಲ ಏನೋ ಬಚಾವಾದೆ, ಬಿಳಿಕಿವಿಯ ಬಗ್ಗೆ ಏನು ಹೇಳುತ್ತೀಯ, ಅದರ ಕಿವಿಯಲ್ಲೂ ನನ್ನ ಮುಳ್ಳಿತ್ತಾ ಎಂದು ಕೇಳಿದ. ಒಂದು ಸಲ ಕೊಂದವಳು ಇನ್ನೊಂದು ಸಲ ಕೊಲ್ಲುವುದಿಲ್ಲ ಎನ್ನಲು ಏನು ಗ್ಯಾರಂಟಿ, ಆ ಬುಟ್ಟಿಯಲ್ಲಿರುವ ಬೂಸ್ಟನ್ನು ಇವರೆಲ್ಲ ನೋಡಲಿ, ಇಂಥದ್ದನ್ನು ತಿನ್ನಿಸಿದವಳ ಕೈಗೆ ಕೊಟ್ಟಿಗೆ ಕೊಡುತ್ತೀಯಾ ಅಮ್ಮ ಎಂದ.

ಉತ್ತರ ಅಕ್ಕನ ನಾಲಿಗೆಯ ತುದಿಯಲ್ಲಿತ್ತು. ಒಂದೇ ಮಾತು ಸಾಕಿತ್ತು. ಅವಳು ಬೆಂಚಿನ ಕಡೆ ನೋಡಿದಳು. ಅಮ್ಮನ ಕೈಯ ನರಗಳು, ಸೊಂಟದ ಬೀಗದ ಕೈ, ಗೋಡೆಯಲ್ಲಿ ಬುಟ್ಟಿಯ ಖಾಲಿ ಮೊಳೆ. ಆ ಮಾತನ್ನು ಮತ್ತೆ ನುಂಗಿದಳು.

"ಹೌದು ಕಣೋ, ನನ್ನ ಕೊಟ್ಟಿಗೇಲೇ ಸತ್ತಿತು. ಆದ್ರೂ ಈ ವರ್ಷ ಮಾಡ್ದೆ. ಮುಂದಿನ ವರ್ಷಾನೂ ಮಾಡ್ತೀನಿ. ಕೊಟ್ಟಿಗೆ ಕಿತ್ಕೊಂಡ್ರೆ ಬೀದೀಲಿ ಡ್ರಮ್ ಇಟ್ಟು ಮಾಡ್ತೀನಿ. ನನ್ನ ಮೇಕೆಗಳು ಬೇಸಿಗೇಲೂ ಹಾಲು ಕೊಡ್ತವೆ. ನೋಡೋಕೆ ಆಗ್ದಿದ್ರೆ ಆ ಕಿಟಕಿ ಮುಚ್ಕೊ."

ಹೇಳಿ ಬಾಗಿ ಬುಟ್ಟಿಗೆ ಕೈ ಹಾಕಿದಳು. ಆದರೆ ಬುಟ್ಟಿಯ ಇನ್ನೊಂದು ಅಂಚಿನ ಮೇಲೆ ಆಗಲೇ ಬೇರೆ ಎರಡು ಕೈಗಳಿದ್ದವು.

ತಾಯಿ ಯಾವಾಗ ಎದ್ದು ಬಂದಳೋ ಯಾರೂ ನೋಡಲಿಲ್ಲ. ಮಗಳ ಕೈಯನ್ನು ಬಿಡಿಸಿ ಬುಟ್ಟಿಯನ್ನು ಸೊಂಟಕ್ಕೆ ಏರಿಸಿಕೊಂಡಳು. ಮಗ ಹಿಡಿದುಕೊಳ್ಳಲು ಬಂದ, ಪಕ್ಕಕ್ಕೆ ಸರಿ ಎಂದು ತಲೆಯಲ್ಲೇ ಸನ್ನೆ ಮಾಡಿದಳು. ಅಂಗಳ ದಾಟಿ ನಿಧಾನವಾಗಿ, ಅಲ್ಲಲ್ಲಿ ನಿಂತು ಉಸಿರು ತೆಗೆದುಕೊಳ್ಳುತ್ತಾ ಗೊಬ್ಬರದ ಗುಂಡಿಯವರೆಗೆ ಹೋದಳು. ಹುಟ್ಟಿದಂದಿನಿಂದ ಆ ಕೈ ಏನನ್ನೂ ಎಸೆದದ್ದನ್ನು ಅಲ್ಲಿದ್ದವರು ಯಾರೂ ಕಂಡಿರಲಿಲ್ಲ. ಅವಳು ಬುಟ್ಟಿಯನ್ನು ಬೋರಲು ಹಾಕಿ ಮೇವನ್ನು ಗುಂಡಿಗೆ ಸುರಿದಳು. ಪಕ್ಕದಲ್ಲಿದ್ದ ಕೊಳಕು ನೀರಿನ ಬಕೆಟ್ಟನ್ನು ಎತ್ತಿ ಅದರ ಮೇಲೆ ಹೊಯ್ದಳು. ಮಗಳು ಪ್ರತಿ ಸಲ ಮಾಡುತ್ತಿದ್ದ ಹಾಗೆಯೇ, ಒಂದು ಹನಿಯೂ ಉಳಿಯದಂತೆ. ಹಾಗಾದರೆ ಅವಳು ಆ ಬೆಂಚಿನ ಮೇಲಿಂದ ನೋಡುತ್ತಿದ್ದದ್ದು ಸೊಕ್ಕನ್ನಲ್ಲ.

ತಿರುಗಿ ನಿಂತು ಮಗನಿಗೆ ಹೇಳಿದಳು:

"ಬಿಳಿಕಿವಿಗೆ ಈ ಬುಟ್ಟಿಯಿಂದ ತಿನ್ನಿಸಿದ್ದು ನಾನು. ಇವಳು ಎಸೀಬೇಕು ಅಂತ ತೆಗೆದಿಟ್ಟಿದ್ಲು, ನಾನು ಎತ್ಕೊಂಡು ಹೋಗಿ ಹಾಕ್ದೆ. ಡಾಕ್ಟ್ರು ಹೇಳ್ವಾಗ ನನ್ನ ಕಿವಿ ಚೆನ್ನಾಗೇ ಕೇಳಿಸ್ತಿತ್ತು. ಬಾಯಿ ಬರ್ಲಿಲ್ಲ. ಇವಳಿಗೂ ಗೊತ್ತಿತ್ತು, ಇವಳೂ ಹೇಳ್ಲಿಲ್ಲ."

ತಮ್ಮ ಅಕ್ಕನ ಮುಖ ನೋಡಿದ, ನೋಡಲಾಗದೆ ಕೈಯಲ್ಲಿದ್ದ ಮುಳ್ಳನ್ನು ನೋಡಿದ. ತಾಯಿ ಸೊಂಟದಿಂದ ಬೀಗದ ಕೈ ಬಿಚ್ಚಿ ಮಗಳ ಸೊಂಟಕ್ಕೆ ತಾನೇ ಸಿಕ್ಕಿಸಿದಳು. ಸಿಕ್ಕಿಸಲು ಸ್ವಲ್ಪ ಹೊತ್ತು ಹಿಡಿಯಿತು. ಅಷ್ಟು ಹೊತ್ತೂ ಅಕ್ಕ ಅಳದೆ ನಿಂತಿದ್ದಳು. ಹಟಗಾತಿಗೆ ಅದೂ ಒಂದು ಹಟ.

ಆಮೇಲೆ ತಾಯಿ ಕೆಳಗೆ ಬಿದ್ದಿದ್ದ ಬುಟ್ಟಿಯನ್ನು ಎತ್ತಿಕೊಂಡಳು. ಎಲ್ಲರೂ ಅವಳು ಅದನ್ನು ಕೊಡವಿ ಮೊಳೆಗೆ ನೇತುಹಾಕುತ್ತಾಳೆ ಎಂದುಕೊಂಡರು. ಅವಳು ಅದನ್ನು ಒಮ್ಮೆ ತಿರುಗಿಸಿ ನೋಡಿ, ತೋಳು ಬೀಸಿ ಗುಂಡಿಯ ನಡುವಿಗೆ ಎಸೆದಳು.

ಅಕ್ಕನ ಕಾಲು ತಾನಾಗಿಯೇ ಮುಂದೆ ಹೋಯಿತು. ಎಷ್ಟೆಂದರೂ ಆ ಮನೆಯಲ್ಲಿ ಬೆಳೆದವಳು.

"ಅಮ್ಮ, ಬುಟ್ಟಿ ಇನ್ನೂ ಗಟ್ಟಿಯಾಗಿದೆ."

"ಬಿದ್ದಿರ್ಲಿ ಬಿಡು" ಎಂದಳು ತಾಯಿ. "ಹೋಗು, ಮೇಕೆಗಳು ಕಾಯ್ತಿವೆ."